ದರಪಟ್ಟಿ ಇಲ್ಲದ ಮನೆಗೆ ಎಷ್ಟು ಕೊಡೋದು?

ಕಳೆದ ಡಿಸೆಂಬರ್ ರಜೆಯಲ್ಲಿ ಚೆನ್ನೈಯ ಪೋರೂರಿನಿಂದ ತೀರ್ಥಹಳ್ಳಿ ಕಡೆಯ ಹಳೆಯ ತೊಟ್ಟಿ ಮನೆಯೊಂದಕ್ಕೆ ಹೋಗಿ ಎರಡು ರಾತ್ರಿ ಉಳಿದು ಬಂದೆವು. ಆರು ಜನ: ಅಪ್ಪ, ಅಮ್ಮ, ನಾವಿಬ್ಬರು, ಇಬ್ಬರು ಮಕ್ಕಳು. ಖರ್ಚು 33,720 ರೂಪಾಯಿ. ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂದರೆ, ನಮ್ಮ ಮನೆಯಲ್ಲಿ ಹಾಲಿನ ಲೆಕ್ಕದ ಪುಸ್ತಕ ಇನ್ನೂ ಇದೆ. ಅದರ ಹಿಂದಿನ ಪುಟಗಳಲ್ಲಿ ನಾನು ಪ್ರವಾಸದ ಲೆಕ್ಕ ಬರೆಯುತ್ತೇನೆ.

ಮೊದಲು ದಾರಿ. ಪೋರೂರಿನಿಂದ ಬೆಂಗಳೂರು ಸುಮಾರು 330 ಕಿ.ಮೀ. ಅಲ್ಲಿಂದ ಶಿವಮೊಗ್ಗ ಮುನ್ನೂರು ಚಿಲ್ಲರೆ, ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಇನ್ನೂ ಅರವತ್ತು. ಹೋಗಿ ಬಂದು, ಅಲ್ಲಿ ಇಲ್ಲಿ ಸುತ್ತಿದ್ದೂ ಸೇರಿ ಮೀಟರ್ 1,500 ತೋರಿಸಿತು. ಏಳು ಸೀಟಿನ ನಮ್ಮ ಗಾಡಿ ಲೀಟರಿಗೆ 14 ಕೊಡುತ್ತದೆ, ಪೆಟ್ರೋಲ್ ಆಗ ಲೀಟರಿಗೆ 101 ರೂಪಾಯಿ ಇತ್ತು. ಹತ್ತಿರ ಹತ್ತಿರ 10,800. ಟೋಲ್‌ನದು ಮಾತ್ರ ಸಂತೋಷದ ಸಂಗತಿ. 2025ರ ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಆಗ 3,000 ರೂಪಾಯಿಗೆ 200 ಸಲ ದಾಟಿಸುತ್ತಿತ್ತು, ಸಲಕ್ಕೆ 15 ರೂಪಾಯಿ ಬಿತ್ತು. ಇಪ್ಪತ್ತು ಸಲ ದಾಟಿದ್ದಕ್ಕೆ 300. ದಾರಿಯ ತಿಂಡಿ ಊಟ 3,120. ದಾರಿಯಲ್ಲಿ ಬೆಂಗಳೂರಿನ ಮಲ್ಲೇಶ್ವರದ ಅತ್ತೆ ಮನೆಗೆ ಬರಿಗೈಲಿ ಹೋಗೋದು ಹೇಗೆ ಅಂತ ಒಯ್ದ ಹಣ್ಣು, ಸ್ವೀಟು 600.

ಉಳಿದದ್ದು ಆ ಮನೆಯ ಬಾಬ್ತು. ದೊಡ್ಡವರ ತಲೆಗೆ ದಿನಕ್ಕೆ 1,800, ಮಕ್ಕಳಿಗೆ ಅರ್ಧ, ಊಟ ತಿಂಡಿ ಎಲ್ಲ ಸೇರಿ. ಎರಡು ದಿನಕ್ಕೆ 18,000. ಆ್ಯಪ್ ಮೂಲಕ ಬುಕ್ ಮಾಡಿದ್ದರಿಂದ ಮೇಲೆ ಶೇ. 5 ಜಿಎಸ್‌ಟಿ, 900. ಇದು ಗೊತ್ತಿಟ್ಟುಕೊಳ್ಳುವಂಥ ವಿಷಯ. ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿನ ಹೋಮ್‌ಸ್ಟೇ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಅವರಿಗೇ ಫೋನ್ ಮಾಡಿ ಹೋದರೆ ಬಿಲ್ಲಿನಲ್ಲಿ ತೆರಿಗೆ ಇರದು. ಅದೇ ಮನೆಯನ್ನು ಆ್ಯಪ್‌ನಲ್ಲಿ ಹಿಡಿದರೆ ತೆರಿಗೆ ಕಟ್ಟುವ ಹೊಣೆ ಆ್ಯಪ್‌ನದು, ಅದು ನಮ್ಮಿಂದ ವಸೂಲು ಮಾಡುತ್ತದೆ. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ 7,500ರ ಒಳಗಿನ ಕೋಣೆಗೆ ಶೇ. 12 ಇತ್ತು. ಹಾಗೆ ನೋಡಿದರೆ ಇದು ಲಾಭವೇ.

ಅಂತೂ ನೂರು ರೂಪಾಯಿಯಲ್ಲಿ 56 ಮನೆಗೆ, 33 ಗಾಡಿಗೆ, 11 ದಾರಿಯ ಹೊಟ್ಟೆಗೆ. ಆ ಮನೆಯಲ್ಲಿ ಇದ್ದದ್ದು 40 ಗಂಟೆ, ರಸ್ತೆಯಲ್ಲಿ 28. ಊಟಿ ಹತ್ತಿರವಾಗುತ್ತಿತ್ತಲ್ಲ ಅಂತ ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. 2025ರ ಬೇಸಿಗೆಯಲ್ಲಿ ಊಟಿಗೆ ದಿನಕ್ಕೆ 6,000, ವಾರಾಂತ್ಯಕ್ಕೆ 8,000 ವಾಹನ ಅಂತ ಹೈಕೋರ್ಟು ಮಿತಿ ಹಾಕಿತ್ತು. ಎಂಟು ಸಾವಿರ ಗಾಡಿಗಳ ನಡುವೆ ಒಂದಾಗಿ ನಿಲ್ಲೋದಕ್ಕೆ ಪೋರೂರು ಜಂಕ್ಷನ್ನೇ ಸಾಕು ಅನ್ನೋದು ನನ್ನ ಉತ್ತರ.

ಈ ಬೇಸಿಗೆಯ ಲೆಕ್ಕ ಮಾತ್ರ ಕೂಡುತ್ತಿಲ್ಲ. ಅಮ್ಮನ ತವರಿನ ಪರಿಚಯದವರದ್ದೊಂದು ಹಳೆಯ ಮನೆ ಆಗುಂಬೆ ದಾರಿಯಲ್ಲಿದೆ. ಬನ್ನಿ ಅಂದಿದ್ದಾರೆ. ದುಡ್ಡು ಎಷ್ಟು ಅಂತ ಕೇಳಿದರೆ ಫೋನಿನಲ್ಲಿ ನಗುತ್ತಾರೆ. ಆಗುಂಬೆಯ ದೊಡ್ಡಮನೆಯದೂ ಇದೇ ಕಥೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಮನೆ ಅದು. ಬಂದವರು ತಿಳಿದಷ್ಟು ಕೊಟ್ಟು ಬರುವುದು ಅಲ್ಲಿನ ರೂಢಿ. ತಿಳಿದಷ್ಟು ಅಂದರೆ ಎಷ್ಟು? ನನ್ನಂಥವನಿಗೆ ಇದಕ್ಕಿಂತ ಕಷ್ಟದ ದರ ಇನ್ನೊಂದಿಲ್ಲ. ಹಾಗಾಗಿ ಅಮ್ಮನ ಪರಿಚಯದವರ ಮನೆಗೆ ನಮ್ಮಿಂದ ಏನು ಖರ್ಚು ಬೀಳುತ್ತದೆ ಅಂತ ಬುಡದಿಂದ ಕೂಡಿಸುತ್ತಾ ಕೂತೆ.

ಮಾಡಿನಿಂದಲೇ ಶುರು ಮಾಡಿದ್ದಕ್ಕೆ ಕಾರಣ ಇದೆ. ಡಿಸೆಂಬರಿನ ಮನೆಯಲ್ಲಿ ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಅದರ ಮೂಲೆಯಲ್ಲಿ ಒಂದು ಬಿಲ್ಲೆಯಷ್ಟು ಬಿಸಿಲು ಬಿದ್ದಿತ್ತು. ಯಜಮಾನರು ಅದನ್ನು ನೋಡಿದರು, ‘ಮಂಗನ ಕೆಲಸ’ ಅಂದರು, ಏಣಿ ತಂದರು. ಮೇಲಿನ ಸಾಲಿನ ಎರಡು ಹೆಂಚನ್ನು ಅಂಗೈಯಿಂದ ಒಂದಿಷ್ಟು ಎತ್ತಿ, ಒಡೆದದ್ದನ್ನು ಕೆಳಗಿಂದಲೇ ಎಳೆದು, ಹೊಸದರ ಮೂಗನ್ನು ರೀಪಿಗೆ ಸಿಕ್ಕಿಸಿ ಜಾರಿಸಿದರು. ಎರಡು ನಿಮಿಷದ ಕೆಲಸ. ಬಿಸಿಲಿನ ಬಿಲ್ಲೆ ಮಾಯವಾಯಿತು. ನನ್ನ ಮಗಳಿಗೆ ಅದು ಹೋದದ್ದಕ್ಕೆ ಬೇಸರ.

ಮಂಗಳೂರು ಹೆಂಚು ಅದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಹಾಕಿದರು. ಅದಕ್ಕೆ ಮುಂಚೆ ನಾಡಹೆಂಚು, ಇಲ್ಲವೇ ಹುಲ್ಲು, ಸೋಗೆ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. 400 ಚದರ ಮೀಟರಿನ ಮನೆ ಅಂತ ಹಿಡಿದು, ಮೂವತ್ತು ಡಿಗ್ರಿ ಇಳಿಜಾರು ಸೇರಿಸಿದರೆ ಹತ್ತಿರ ಹತ್ತಿರ ಏಳು ಸಾವಿರ ಹೆಂಚು. ಒಂದೊಂದು 2.3 ಕೆ.ಜಿ. ಅಂದರೂ ಒಣಗಿದ್ದಾಗಲೇ 16 ಟನ್ ಭಾರ ಪಕ್ಕಾಸಿನ ಮೇಲೆ ಕೂತಿರುತ್ತದೆ. ಅದರ ಮೇಲೆ ಮಳೆ. ಆಗುಂಬೆಯ ವರ್ಷದ ಸರಾಸರಿ ಸುಮಾರು 7,600 ಮಿ.ಮೀ., ನಮ್ಮ ಚೆನ್ನೈಯದು 1,400. ಆ ಮಾಡಿನ ಮೇಲೆ ಒಂದು ವರ್ಷದಲ್ಲಿ ಸುರಿಯುವ ನೀರು 30 ಲಕ್ಷದ 40 ಸಾವಿರ ಲೀಟರ್. ಪೋರೂರಿನವರಿಗೆ ಅರ್ಥವಾಗುವ ಅಳತೆಯಲ್ಲಿ, 12,000 ಲೀಟರಿನ 253 ನೀರಿನ ಲಾರಿ.

ಅದಕ್ಕೇ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲೇಬೇಕು. ನೂರಕ್ಕೆ ಎರಡು ಒಡೆದರೆ 140 ಹೆಂಚು. ಒಂದಕ್ಕೆ 40 ರೂಪಾಯಿ ಹಿಡಿದೆ, 5,600. ಇಬ್ಬರು ಆಳು ಎಂಟು ದಿನ, ದಿನಕ್ಕೆ 800ರಂತೆ 12,800. ಒಟ್ಟು 18,400. ಇದನ್ನು ಬರುವವರ ತಲೆಗೆ ಹಂಚಬೇಕು. ಎರಡು ಕೋಣೆ, ಆರು ಹಾಸಿಗೆ. ವರ್ಷಪೂರ್ತಿ ತುಂಬಿದರೆ 2,190 ತಲೆ-ರಾತ್ರಿ. ಶಾಲೆಯ ರಜೆ, ಉದ್ದದ ವಾರಾಂತ್ಯ ಬಿಟ್ಟರೆ ಅಷ್ಟು ದೂರ ಯಾರು ಬರುತ್ತಾರೆ? 200 ಅಂತ ಹಿಡಿದೆ. ತಲೆಗೆ ರಾತ್ರಿಗೆ 92 ರೂಪಾಯಿ ಮಾಡಿನ ಪಾಲು. ನಮ್ಮದು ಆರು ತಲೆ, ಎರಡು ರಾತ್ರಿ: 1,104.

ಬಚ್ಚಲಿನ ಹಂಡೆ ನೀರು ನಾನು ಅಂದುಕೊಂಡದ್ದಕ್ಕಿಂತ ಅಗ್ಗ. ಆರು ಜನಕ್ಕೆ 120 ಲೀಟರನ್ನು 22 ಡಿಗ್ರಿಯಿಂದ 42ಕ್ಕೆ ಏರಿಸಲು ಗೀಸರಿನಲ್ಲಾದರೆ ಮೂರು ಯೂನಿಟ್ಟೂ ಬೇಡ. ಒಲೆಯಲ್ಲಿ ಶಾಖದ ಹೆಚ್ಚು ಪಾಲು ಹೊಗೆಯ ಜೊತೆ ಹೋಗುವುದರಿಂದ ದಿನಕ್ಕೆ ನಾಲ್ಕೂವರೆ ಕೆ.ಜಿ. ಸೌದೆ. ಎರಡು ದಿನಕ್ಕೆ ಒಂಬತ್ತು ಕೆ.ಜಿ., ಕೆ.ಜಿ.ಗೆ 8ರಂತೆ 72 ರೂಪಾಯಿ. ನಿಜಕ್ಕೂ ಅದು ತೋಟದ ಸೋಗೆ, ಚಿಪ್ಪು, ಒಣಗಿದ ಕೊಂಬೆ. ಯಾರೂ ಕೊಂಡು ತರುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಬೆಂಕಿ ಹಾಕುವವರ ನಿದ್ದೆಗೆ ನನ್ನ ಬಳಿ ದರ ಇಲ್ಲ.

ಊಟದ ಸಾಮಾನು ತಲೆಗೆ ದಿನಕ್ಕೆ 250 ಅಂದರೆ 3,000. ಕಡುಬು ಬೇಯಿಸಿ, ಪಾತ್ರೆ ಬೆಳಗಿ, ಹಾಸಿಗೆ ಹಾಸುವ ಇಬ್ಬರ ಕೈಗೆ ಎರಡು ದಿನಕ್ಕೆ 3,200. ಎಲ್ಲ ಕೂಡಿದರೆ 7,376.

ಡಿಸೆಂಬರಿನಲ್ಲಿ ಕೊಟ್ಟ 18,000ಕ್ಕೂ ಇದಕ್ಕೂ 10,624ರ ವ್ಯತ್ಯಾಸ. ಮೊದಲು ಸಿಟ್ಟೇ ಬಂತು. ಆಮೇಲೆ ಯೋಚಿಸಿದೆ: ಆ್ಯಪ್‌ನ ಕಮಿಷನ್, ಗೆದ್ದಲು ಹಿಡಿದ ಕಂಬ, ಇನ್ವರ್ಟರ್, ಯಾರೂ ಬಾರದೆ ಹಾಸಿಗೆ ಖಾಲಿ ಬಿದ್ದಿರುವ ದಿನಗಳು. 2,190ರಲ್ಲಿ 200 ತುಂಬಿದರೆ ನೂರಕ್ಕೆ ಒಂಬತ್ತು. ಉಳಿದ 91ರ ಬಾಡಿಗೆಯಲ್ಲಿ ಒಂದು ಪಾಲು ನಮ್ಮ ಬಿಲ್ಲಿಗೆ ಬಿದ್ದಿರುತ್ತದೆ, ಬೀಳಲೇಬೇಕು. ಹಾಗಾಗಿ 7,376 ಅನ್ನುವುದು ಬೆಲೆಯಲ್ಲ, ಅದಕ್ಕಿಂತ ಒಂದು ರೂಪಾಯಿ ಕಡಿಮೆ ಕೊಟ್ಟರೂ ನಾವು ಅವರ ಮನೆಯಲ್ಲಿ ಬಿಟ್ಟಿ ಉಂಡು ಬಂದ ಹಾಗೆ. ‘ತಿಳಿದಷ್ಟು’ ಅಂತ ಎರಡು ಸಾವಿರ ಇಟ್ಟು ಫೋಟೋ ಹೊಡೆದುಕೊಂಡು ಬರುವವರು ಈ ಲೆಕ್ಕ ಒಮ್ಮೆ ನೋಡಲಿ.

ಪುಸ್ತಕದಲ್ಲಿ 12,000 ಅಂತ ಬರೆದೆ. ಕನ್ನಡಕ ಏರಿಸಿ ಪುಟವನ್ನೆಲ್ಲ ಓದಿದ ಅಮ್ಮ, ‘ಸೌದೆ ಒಂಬತ್ತು ಕೆಜಿ ಅಂತ ಬರ್ದಿದೀಯಲ್ಲೋ, ಅವ್ರಿಗೇನಾದ್ರೂ ತೋರ್ಸಿಬಿಟ್ಟೀಯ’ ಅಂದರು. ಕವರಿನಲ್ಲಿ ದುಡ್ಡು ಚಾಚಿದರೆ ಆ ಮನೆಯಾಕೆ ಮುಟ್ಟುವುದಿಲ್ಲವಂತೆ. ದೇವರ ಮುಂದಿನ ತಟ್ಟೆಯಲ್ಲಿ ಇಟ್ಟು, ಅದರ ಮೇಲೊಂದು ಸುಂಗುಡಿ ಸೀರೆ ಇಡಬೇಕಂತೆ. ಸೀರೆಗೆ 900 ಅಂತ ಕೆಳಗೆ ಸೇರಿಸಿದೆ.