ಬಾತ ಕಾಲಿಗೆ ಅಂಗೈ ಮದ್ದು

ಕೆಂಬಾಳೆಗೆ ಹೆಸರಾದ ಕಮಲಾಪುರದಿಂದ ಕಲಬುರಗಿಗೆ ಹುಮನಾಬಾದ್ ರಸ್ತೆಯಲ್ಲಿ ಹೆಚ್ಚುಕಡಿಮೆ ಒಂದು ತಾಸಿನ ದಾರಿ. ಆನೆಕಾಲು ರೋಗ ಇದ್ದವರಿಗೆ ಆ ಒಂದು ತಾಸೇ ಭಾರ. ಕಾಲು ಇಳಿಬಿಟ್ಟು ಅಲುಗದೆ ಕೂತಷ್ಟೂ ಬಾವು ಏರುತ್ತದೆ. ದಿನಾ ನಗರದ ಆಸ್ಪತ್ರೆಗೆ ಬಂದು ಕಾಲು ನೀವಿಸಿಕೊಂಡು ಹೋಗಿ ಎಂದರೆ, ಕೂಲಿ ಬಿಟ್ಟು ಯಾರು ಬಂದಾರು?

ರಕ್ತವನ್ನು ತಳ್ಳಲು ಹೃದಯವಿದೆ. ದುಗ್ಧರಸಕ್ಕೆ (ಲಿಂಫ್‌ಗೆ) ಅಂಥ ಪಂಪು ಇಲ್ಲ. ಚರ್ಮದಡಿಯ ತೆಳು ನಾಳಗಳು ತಾವೇ ಕುಗ್ಗಿ ಹಿಗ್ಗುತ್ತ, ಕವಾಟಗಳ ನೆರವಿನಿಂದ ರಸವನ್ನು ಮೇಲಕ್ಕೆ ದಾಟಿಸುತ್ತವೆ. ಮೀನಖಂಡ ಬಿಗಿದು ಸಡಿಲಾದಾಗ, ಉಸಿರು ಆಳವಾದಾಗ ಆ ಹರಿವಿಗೆ ಬಲ. ಆನೆಕಾಲು ರೋಗದಲ್ಲಿ ಸೊಳ್ಳೆ ತಂದ ಫೈಲೇರಿಯಾ ಹುಳು ಕೆಡಿಸುವುದು ಈ ನಾಳಗಳನ್ನೇ; ರಸ ಕೆಳಗೇ ನಿಂತು ಕಾಲು ಬಾತುಕೊಳ್ಳುತ್ತದೆ. ಮನೆಮನೆಗೆ ಬಂದು ನುಂಗಿಸುವ ಡಿಇಸಿ, ಆಲ್ಬೆಂಡಜೋಲ್ ಮಾತ್ರೆಗಳು ರೋಗ ಹರಡದಂತೆ ತಡೆದಾವು. ಬಾತ ಕಾಲು ಅವುಗಳಿಂದ ಮೊದಲಿನಂತಾಗದು.

ನೀವಿ ಬಾವು ಇಳಿಸುವ ವಿಧಾನಕ್ಕೆ ಹೆಸರು ತಂದವನು ಡೆನ್ಮಾರ್ಕ್‌ನ ಎಮಿಲ್ ವೋಡರ್. ಫ್ರಾನ್ಸಿನಲ್ಲಿ ರೂಢಿಸಿಕೊಂಡ ತನ್ನ ಹಗುರ ಕೈಯ ಮಸಾಜನ್ನು 1936ರಲ್ಲಿ ಪ್ಯಾರಿಸಿನಲ್ಲಿ ಲೋಕಕ್ಕೆ ತೋರಿಸಿದ. ಮುಂದೆ ಜರ್ಮನಿಯ ಫೋಲ್ಡಿ ದಂಪತಿ ಅದಕ್ಕೆ ಬಿಗಿ ಪಟ್ಟಿ, ವ್ಯಾಯಾಮ, ಚರ್ಮದ ಆರೈಕೆ ಕೂಡಿಸಿದರು. ಒಳ್ಳೆಯ ಚಿಕಿತ್ಸೆಯೇ, ಆದರೆ ವಾರಗಟ್ಟಲೆ ಪಳಗಿದ ಕೈ ಬೇಕು. ಅದನ್ನು ಹೊಲಗೆಲಸದವರಿಗೆ ಎಲ್ಲಿಂದ ತರುವುದು?

ಉತ್ತರ ಬಂದದ್ದು ಕಾಸರಗೋಡಿನಿಂದ. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯ ಚರ್ಮವೈದ್ಯ ಡಾ. ಎಸ್.ಆರ್. ನರಹರಿ ಮತ್ತು ಸಂಗಡಿಗರು, ಆಕ್ಸ್‌ಫರ್ಡ್‌ನ ಟೆರೆನ್ಸ್ ರಯಾನ್ ಅವರ ಒಡನಾಟದಲ್ಲಿ, ಆಯುರ್ವೇದದ ಎಣ್ಣೆ, ಕಷಾಯ, ಯೋಗ, ಅಲೋಪತಿ ಔಷಧ ಎಲ್ಲವನ್ನೂ ಬೆಸೆದರು. ಮುಖ್ಯವಾಗಿ, ಕೆಲಸವನ್ನು ರೋಗಿಯ ಕೈಗೇ ಒಪ್ಪಿಸಿದರು.

ಮೊದಲ ಪಾಠ ಮಸಾಜಿನದಲ್ಲ, ಸೋಪು ನೀರಿನದು. ಬೆರಳಸಂದಿಗಳನ್ನು ಒಂದೊಂದಾಗಿ ಬಿಡಿಸಿ ತೊಳೆದು, ಮೆತ್ತನೆ ಬಟ್ಟೆಯಿಂದ ತಿಕ್ಕದೆ ಒತ್ತಿ ಒರೆಸಬೇಕು. ಬ್ಯಾಕ್ಟೀರಿಯಾ ಒಳನುಗ್ಗುವುದು ಅಲ್ಲಿನ ಬಿರುಕಿನಿಂದ. ಮತ್ತೆ ಮತ್ತೆ ಚಳಿಜ್ವರ ಬಂದು ಕಾಲು ದಪ್ಪವಾಗುತ್ತ ಹೋಗುವುದಕ್ಕೆ ದೊಡ್ಡ ಕಾರಣ ಅದು. ಆಮೇಲೆ ಉಸಿರಾಟ, ಆಸನ, ನೀವುವುದು, ಪಟ್ಟಿ. ಮಸಾಜಿಗೂ ಕ್ರಮವುಂಟು: ಮೊದಲು ತೊಡೆಸಂದು, ಬಳಿಕ ತೊಡೆ, ಕೊನೆಗೆ ಪಾದ, ಕೈ ಮಾತ್ರ ಮೇಲ್ಮುಖವಾಗಿ. ಮೇಲೆ ದಾರಿ ತೆರವಾಗದೆ ಕೆಳಗಿನ ರಸ ಹೋಗುವುದೆಲ್ಲಿಗೆ? ಮೈಕೈ ನೋವಿಗೆ ಗಸಗಸ ತಿಕ್ಕಿಸಿಕೊಳ್ಳುವ ನಮ್ಮವರಿಗೆ ಈ ಹೂವಿನಂಥ ಒತ್ತು ಸಪ್ಪೆ ಅನ್ನಿಸೀತು. ಆದರೆ ಆ ನಾಳಗಳಿರುವುದು ಚರ್ಮಕ್ಕೆ ತಾಗಿದಂತೆ, ಜೋರು ಬೇಕಿಲ್ಲ.

ಈ ಆರೈಕೆಯನ್ನು ನರಹರಿ ತಂಡದವರು ಗುಲ್ಬರ್ಗ (ಈಗಿನ ಕಲಬುರಗಿ) ಮತ್ತು ಕೇರಳದ ಆಲಪ್ಪುಳ ಜಿಲ್ಲೆಗಳಲ್ಲಿ ಶಿಬಿರ ಹೂಡಿ ಕಲಿಸಿ, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ಮೂರೂವರೆ ತಿಂಗಳಲ್ಲಿ ಕಾಲಿನ ಸುತ್ತಳತೆ ಇಳಿದಿತ್ತು, ಜ್ವರದ ಸರದಿಯೂ ಕಡಿಮೆಯಾಗಿತ್ತು. ಆದರೆ ಇದು ಚೀಟಿ ಎತ್ತಿ ಗುಂಪು ಮಾಡಿ ಹೋಲಿಸಿದ ಪ್ರಯೋಗವಲ್ಲ. ಹಾಗಾಗಿ ಗುಣಕ್ಕೆ ಮಸಾಜಿನ ಪಾಲೆಷ್ಟು, ಸೋಪಿನದೆಷ್ಟು, ಪಟ್ಟಿಯದೆಷ್ಟು ಎಂದು ಬಿಡಿಸಿ ಹೇಳಲಾಗದು. ನನ್ನ ಮತ ಸೋಪಿಗೇ.

ಕಾಲು ಕೆಂಪಗಾಗಿ ಸುಡುತ್ತಿದ್ದರೆ, ಚಳಿಜ್ವರವಿದ್ದರೆ ಮಸಾಜೂ ಬೇಡ, ಪಟ್ಟಿಯೂ ಬೇಡ. ಕಾಲು ಎತ್ತರಿಸಿ ಮಲಗಿ, ತಡಮಾಡದೆ ವೈದ್ಯರಿಗೆ ತೋರಿಸಬೇಕು.