ಗುಡಿಯ ಕಟ್ಟೆಯೂ ಎರಂಗೆಲ್ ದ್ವೀಪವೂ

ಸವಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತರೆ ಎದುರಿನ ಗುಡಿಯ ಕಟ್ಟೆಯು ಪೂರ್ತಿಯಾಗಿ ಕಾಣುವದು. ಕಟ್ಟೆಯ ಮೇಲಿನ ಮಾತೂ ಪೂರ್ತಿಯಾಗಿ ಕೇಳುವದು. ಅಧ್ಯಾಪಕವೃತ್ತಿಯಿಂದ ನಿವೃತ್ತರಾದ ಮೇಲೆ ಸಂಜೆಯ ಹೊತ್ತು ನಮಗೆ ಬೇರೆ ಕೆಲಸವಿಲ್ಲವಾದದ್ದರಿಂದ ಈ ಶ್ರವಣವೇ ನಮ್ಮ ನಿತ್ಯಕರ್ಮವಾಗಿದೆ. ಮೊದಲು ಆ ಕಟ್ಟೆಯ ಮೇಲೆ ಕಡಲೆಯ ಧಾರಣೆ, ಉಳ್ಳಾಗಡ್ಡಿಯ ಧಾರಣೆ, ಎರೆಯ ಹೊಲಕ್ಕೆ ಹಿಂಗಾರಿಯ ಮಳೆ ಸಾಕಾಯಿತೋ ಇಲ್ಲವೋ ಎಂಬ ಚರ್ಚೆಯೇ ರಾತ್ರಿಯ ವರೆಗೆ ನಡೆಯುತ್ತಿತ್ತು. ಈಗಲೂ ನಡೆಯುವದುಂಟು, ಆದರೆ ದೀಪ ಹಚ್ಚುವ ಹೊತ್ತಿಗೆ ಹಿರಿಯರು ಎದ್ದು ಹೋಗುವರು, ಆರೇಳು ಮಂದಿ ತರುಣರು ಬಂದು ಕೂಡುವರು. ಆಮೇಲೆ ಕೇಳಿಬರುವ ಮಾತು ಈ ಪ್ರಕಾರದ್ದು:

“ಪೊಚಿಂಕಿಗೆ ಇಳೀಬ್ಯಾಡ್ರಿ ಅಂದ್ನೆಲ್ಲೋ, ಅಲ್ಲೆ ನಾಕು ಗುಂಪು ಇಳದಾವ!”

“ಹೆದರಿಕಿ ಇದ್ರ ಹೋಗಿ ಹುಲ್ಲಾಗ ಮಲ್ಕೋ.”

“ಹುಲ್ಲಾಗ ಮಲ್ಕೊಂಡಾವನ ನಿನ್ನೆ ಕಡೀತನಾ ಉಳದಾನ. ನೀ ಎರಡನೇ ನಿಮಿಷಕ್ಕ ಪೆಟ್ಟಿಗಿ ಆಗಿದ್ದಿ.”

ಮೊದಲ ದಿನ ಇದನ್ನು ಕೇಳಿದಾಗ ನಮ್ಮ ಮನೆಯವರು ಗಾಬರಿಯಿಂದ ಬಾಗಿಲು ಮುಂದೆ ಮಾಡಿದರು. ನಾವು ನಮ್ಮ ತಮ್ಮನ ಮಗನನ್ನು ಕರೆದು ಕೇಳಲಾಗಿ, ಅವನು ನಕ್ಕು, ಇದೊಂದು ಮೊಬೈಲಿನ ಆಟವೆಂದೂ, ಪೊಚಿಂಕಿ ಎಂಬದು ಎರಂಗೆಲ್ ಎಂಬ ದ್ವೀಪದ ನಡುವಣ ಊರೆಂದೂ, ಅಂಥ ದ್ವೀಪವು ಯಾವ ಸಮುದ್ರದಲ್ಲಿಯೂ ಇಲ್ಲವೆಂದೂ ತಿಳಿಸಿದನು. ಆಟದಲ್ಲಿ ಸತ್ತವನ ಸಾಮಾನು ಒಂದು ಪೆಟ್ಟಿಗೆಯಾಗಿ ಬೀಳುವದರಿಂದ ಸಾಯುವದಕ್ಕೆ ‘ಪೆಟ್ಟಿಗೆಯಾಗುವದು’ ಎಂದು ಹೆಸರಂತೆ.

ತಿಳಿಯದ ವಾಚಕರಿಗಾಗಿ ಆಟದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ನೂರು ಮಂದಿ ಆಟಗಾರರು ವಿಮಾನದಿಂದ ಈ ದ್ವೀಪದ ಮೇಲೆ ಹಾರಿ ಇಳಿಯುವರು. ಇಳಿಯುವಾಗ ಕೈ ಬರಿದು. ಮನೆ ಮನೆ ಹುಡುಕಿ ಬಂದೂಕು, ಶಿರಸ್ತ್ರಾಣ, ಔಷಧಗಳನ್ನು ಕೂಡಿಸಿಕೊಳ್ಳಬೇಕು. ದ್ವೀಪವು ಎಂಟು ಕಿಲೋಮೀಟರು ಉದ್ದ, ಎಂಟು ಅಗಲ. ಆದರೆ ಕೆಲ ಕೆಲ ನಿಮಿಷಗಳಿಗೊಮ್ಮೆ ಸುರಕ್ಷಿತವಾದ ವರ್ತುಲವು ಕಿರಿದಾಗುತ್ತ ಬರುವದು, ಹೊರಗುಳಿದವನ ಪ್ರಾಣ ಸೋರುತ್ತ ಹೋಗುವದು. ನಾಲ್ವರದೊಂದು ಗುಂಪು, ಪೆಟ್ಟು ತಿಂದು ಬಿದ್ದ ಜೊತೆಗಾರನನ್ನು ಉಳಿದವರು ಹತ್ತಿರ ಹೋಗಿ ಎಬ್ಬಿಸಬಹುದು. ಕಡೆಗೆ ಉಳಿದ ಗುಂಪಿಗೆ ಜಯ. ಗೆದ್ದವರಿಗೆ ಕೋಳಿಯೂಟವೆಂಬ ಘೋಷವು ತೆರೆಯ ಮೇಲೆ ಮೂಡುವದು. ನಮ್ಮ ಕಟ್ಟೆಯ ಅರ್ಧ ಮಂದಿಯ ಮನೆಗಳಲ್ಲಿ ಕೋಳಿ ಬೇಯುವದಿಲ್ಲವಾದ್ದರಿಂದ ಇವರು ಅದನ್ನು ‘ಹೋಳಿಗಿ ಊಟ’ ಮಾಡಿಕೊಂಡಿದ್ದಾರೆ. ಅಡಿಗೆಮನೆಯ ಗೃಹಿಣಿಯರಿಗೆ ಇನ್ನೊಂದು ವಿಷಯ: ಆ ದ್ವೀಪದಲ್ಲಿ ಸಿಗುವ ಹಿಡಿಕೆಯುಳ್ಳ ಹಂಚೊಂದನ್ನು ಬೆನ್ನಿಗೆ ಕಟ್ಟಿಕೊಂಡರೆ ಹಿಂದಿನಿಂದ ಬಂದ ಗುಂಡು ಅದಕ್ಕೆ ಬಡಿದು ನಿಷ್ಫಲವಾಗುವದು. ಇಡೀ ಆಟದಲ್ಲಿ ನಮ್ಮ ಮನೆಯವರಿಗೆ ಮೆಚ್ಚಿಕೆಯಾದದ್ದು ಇದೊಂದೇ.

ಈ ಆಟವು ೨೦೧೭ರಲ್ಲಿ ಗಣಕಯಂತ್ರಕ್ಕೂ ೨೦೧೮ರಲ್ಲಿ ಮೊಬೈಲಿಗೂ ಬಂದಿತು. ದಕ್ಷಿಣ ಕೊರಿಯಾದ ಕಂಪನಿಯದು. ಮೂಲ ಕಲ್ಪನೆ ಐರ್ಲಂಡದ ಬ್ರೆಂಡನ್ ಗ್ರೀನ್ ಎಂಬವರದು. ಆಗ ಅದರ ಹೆಸರು ಪಬ್‌ಜಿ. ೨೦೨೦ರ ಸಪ್ಟೆಂಬರ ೨ರಂದು ನಮ್ಮ ಸರಕಾರವು ಅದನ್ನು ಪ್ರತಿಬಂಧಿಸಿತು. ೨೦೨೧ರ ಜುಲೈಯಲ್ಲಿ ಬಿ.ಜಿ.ಎಂ.ಐ. ಎಂಬ ಹೊಸ ಹೆಸರಿನಿಂದ, ರಕ್ತಕ್ಕೆ ಹಸುರು ಬಣ್ಣ ಬಳಿದುಕೊಂಡು, ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರೇ ತಾಸೆಂಬ ನಿಯಮದೊಡನೆ ಅದು ಮರಳಿ ಬಂದಿತು. ೨೦೨೨ರ ಜುಲೈಯಲ್ಲಿ ಮತ್ತೆ ಮರೆಯಾಯಿತು. ೨೦೨೩ರ ಮೇಯಲ್ಲಿ ಮತ್ತೆ ಪ್ರತ್ಯಕ್ಷವಾಯಿತು. ನಮ್ಮ ಹಿರಿಯರು ‘ಬರ ಬಿದ್ದ ವರುಷ’, ‘ಹೊಳೆ ಬಂದ ವರುಷ’ ಎಂದು ಕಾಲ ಎಣಿಸಿದಂತೆ ಈ ಹುಡುಗರು ‘ಮೊದಲನೇ ಬ್ಯಾನಿನ ಮುಂದ’, ‘ಎರಡನೇ ಬ್ಯಾನಿನ ಹಿಂದ’ ಎಂದು ಎಣಿಸುವರು.

ಮನೆಯ ಯಜಮಾನರು ಇದನ್ನು ಹಣದ ರಮ್ಮಿಯೊಡನೆ ಗೊಂದಲ ಮಾಡಿಕೊಳ್ಳಬಾರದು. ೨೦೨೫ರ ಆಗಸ್ಟದಲ್ಲಿ ಸಂಸತ್ತು ಅಂಗೀಕರಿಸಿದ ಕಾಯದೆಯು ನಿಷೇಧಿಸಿದ್ದು ಅಂತರ್ಜಾಲದಲ್ಲಿ ಹಣವೊಡ್ಡಿ ಆಡುವ ಆಟಗಳನ್ನು. ಇ-ಸ್ಪೋರ್ಟ್ಸ್ ಎಂಬ ಪಂದ್ಯಾಟಗಳಿಗೆ ಅದೇ ಕಾಯದೆ ಮನ್ನಣೆ ಕೊಟ್ಟಿದೆ. ೨೦೨೩ರಲ್ಲಿ ಚೀನದ ಹಾಂಗ್‌ಜೋ ನಗರದ ಏಶಿಯಾಯಿ ಕ್ರೀಡೆಗಳಲ್ಲಿ ಇಂಥ ಆಟಗಳಿಗೆ ಪದಕಗಳನ್ನೇ ಕೊಟ್ಟರು. ಬಿ.ಜಿ.ಎಂ.ಐ.ಯಲ್ಲಿಯೂ ದುಡ್ಡು ಕೊಟ್ಟು ಗೊಂಬೆಗೆ ಬಣ್ಣಬಣ್ಣದ ಉಡುಗೆ ತೊಡಿಸುವ ಚಟವೊಂದುಂಟು; ಅದರಿಂದ ಗೊಂಬೆಯ ಬಲ ಹೆಚ್ಚುವದಿಲ್ಲ, ಕೊಂಡವನ ಕಿಸೆ ಮಾತ್ರ ಹಗುರಾಗುವದು.

ಇನ್ನು ನಮ್ಮ ಕುತೂಹಲಕ್ಕೆ ಕಾರಣವಾದದ್ದು ಆಟವಲ್ಲ, ಮಾತು. ಒಂದು ಆಟ ಅರ್ಧ ತಾಸಿನದಾದರೆ ಅದರ ಮೀಮಾಂಸೆ ಒಂದೂವರೆ ತಾಸಿನದು. ಗೌತಮರ ನ್ಯಾಯಸೂತ್ರಗಳಲ್ಲಿ ಕಥೆಯು, ಅಂದರೆ ಚರ್ಚೆಯು, ಮೂರು ಬಗೆಯೆಂದು ಹೇಳಿದೆ: ತತ್ತ್ವವನ್ನು ತಿಳಿಯಲು ಮಾಡುವದು ವಾದ, ಗೆಲ್ಲಲು ಮಾಡುವದು ಜಲ್ಪ, ತನ್ನದೊಂದು ಪಕ್ಷವಿಲ್ಲದೆ ಎದುರಿನವನದನ್ನು ಕೆಡಹಲು ಮಾತ್ರ ಮಾಡುವದು ವಿತಂಡ. ಮೂರಕ್ಕೂ ಉದಾಹರಣೆ ನಮ್ಮ ಕಟ್ಟೆಯ ಮೇಲುಂಟು. ಎ.ಕೆ.ಎಂ. ಬಂದೂಕು ಮೇಲೋ, ಎಂ. ೪೧೬ ಮೇಲೋ ಎಂಬದು ವಾದ. ಮೊದಲಿನದು ಬಲವಾಗಿ ಬಡಿಯುವದು ಆದರೆ ಕೈಯಲ್ಲಿ ಕುಣಿಯುವದು, ಎರಡನೆಯದರ ಪೆಟ್ಟು ಹಗುರ ಆದರೆ ಹಿಡಿತ ಸ್ಥಿರ. ಇದರಲ್ಲಿ ಒಬ್ಬರ ಮಾತನ್ನು ಒಬ್ಬರು ಕೇಳುವರು, ಮರುದಿನ ಪರೀಕ್ಷಿಸಿ ನೋಡಿ ಬರುವರು. ಅವಿತಿರುವದು ಜಾಣತನವೋ ನುಗ್ಗುವದು ಗಂಡಸುತನವೋ ಎಂಬದು ಶುದ್ಧ ಜಲ್ಪ. ನುಗ್ಗುವ ಪಕ್ಷದವನು ಟ್ರ್ಯಾಕ್ಟರ್ ಹೊಡೆಯುವ ಹುಡುಗ, ಅವಿತಿರುವ ಪಕ್ಷದವನು ಕಿರಾಣಿ ಅಂಗಡಿಯವರ ಮಗ. ಇಬ್ಬರ ಕಸಬಿಗೂ ಅವರವರ ಪಕ್ಷ ಒಪ್ಪುವಂತಿದೆ. ವಿತಂಡಕ್ಕೆ ನಮ್ಮ ತಮ್ಮನ ಮಗನೇ ಸಾಕು. ಹೊಸದಾಗಿ ಏನು ಬಂದರೂ ಅವನು “ಹಳೇ ಪಬ್‌ಜಿ ಇದ್ದಂಗ ಇಲ್ಲ ಬಿಡ್ರಿ” ಎನ್ನುವನು. ಹತ್ತೊಂಬತ್ತರ ಪ್ರಾಯದವನ ಬಾಯಲ್ಲಿ ಗತವೈಭವದ ನಿಟ್ಟುಸಿರು ಕೇಳಿ ನಮಗೆ ನಗೆ ಬಂದಿತು.

ನಕ್ಕ ನಾವಾದರೂ ಬೇರೆಯಾಗಿದ್ದೆವೇ? ಇದು ಕುಮಾರವ್ಯಾಸನ ಗದುಗಿನ ಸೀಮೆ. ಹಿಂದೆ ಇದೇ ಕಟ್ಟೆಯ ಮೇಲೆ ಭಾರತ ಓದಿಸಿ, ಕರ್ಣ ಹೆಚ್ಚೋ ಅರ್ಜುನ ಹೆಚ್ಚೋ ಎಂದು ಎರಡು ಪಂಗಡವಾಗಿ ಅಣ್ಣತಮ್ಮಂದಿರು ವಾರಗಟ್ಟಲೆ ಮಾತು ಬಿಟ್ಟದ್ದುಂಟು. ೧೯೭೫ರ ಜನವರಿಯಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಜಿನ ವಿರುದ್ಧ ನಮ್ಮ ಜಿ. ಆರ್. ವಿಶ್ವನಾಥರು ೯೭ ಓಟ ಗಳಿಸಿ ಔಟಾಗದೆ ಉಳಿದಾಗ ನಾವು ಹತ್ತು ವರುಷದ ಹುಡುಗರು. ಆ ಮೂರು ಓಟ ಯಾರ ತಪ್ಪಿನಿಂದ ತಪ್ಪಿತೆಂಬ ಜಗಳದಲ್ಲಿ ನಮ್ಮ ಅಂಗಿಯ ತೋಳು ಹರಿದುಹೋಗಿತ್ತು.

ಇಷ್ಟರ ವರೆಗೆ ವಿನೋದ. ಈಗ ಬರೆಯಲೇಬೇಕಾದ ಮಾತಿಗೆ ಬರುತ್ತೇವೆ.

ಈ ಆಟದಲ್ಲಿ ನೂರರ ಸಂಖ್ಯೆ ತುಂಬಿಸಲು ಯಂತ್ರವೇ ನಡೆಸುವ ಕೆಲವು ಗೊಂಬೆಗಳನ್ನು ಸೇರಿಸಿರುವರು. ಅವಕ್ಕೆ ಬಾಟ್ ಎಂದು ಹೆಸರು. ಅವು ದಿಕ್ಕುಗೆಟ್ಟಂತೆ ನಡೆಯುವವು, ಗುರಿ ತಪ್ಪಿ ಹೊಡೆಯುವವು, ನಿಂತಲ್ಲೇ ಸಾಯುವವು. ಆಟ ಬಾರದವನನ್ನು ‘ಬಾಟ್’ ಎನ್ನುವದು ಆದ್ದರಿಂದ ಈ ಮಂಡಲಿಯ ಸಾಮಾನ್ಯ ಬೈಗಳು. ಎಲ್ಲರೂ ಎಲ್ಲರಿಗೂ ಅನ್ನುವರು. ಅಂದವನೂ ಅನ್ನಿಸಿಕೊಂಡವನೂ ನಗುವರು. ಆದರೆ ಒಬ್ಬ ಹುಡುಗನಿಗೆ ಆ ಹೆಸರು ಅಂಟಿಕೊಂಡಿತು. ತಂದೆ ತಾಯಿ ಕೂಲಿಯವರು. ಹುಡುಗ ಡಿಗ್ರಿಯ ಎರಡನೆಯ ವರುಷದಲ್ಲಿ ಓದುವವನು. ಅವನ ಮೊಬೈಲು ಯಾರೋ ಬಳಸಿ ಬಿಟ್ಟದ್ದು. ಹತ್ತು ನಿಮಿಷಕ್ಕೆ ಕಾಯ್ದ ಹಂಚಿನಂತಾಗುವದು, ವೈರಿ ಎದುರು ಬಂದ ಹೊತ್ತಿಗೆ ಸರಿಯಾಗಿ ಚಿತ್ರ ನಿಂತುಬಿಡುವದು. ಚಿತ್ರ ಮತ್ತೆ ಚಲಿಸುವಷ್ಟರಲ್ಲಿ ಅವನು ಪೆಟ್ಟಿಗೆಯಾಗಿರುವನು. ದಿನಾಲು ಹೀಗಾಗುತ್ತ ‘ಬಾಟ್’ ಎಂಬದೇ ಅವನ ಹೆಸರಾಯಿತು. ಕಟ್ಟೆಯಿಂದ ಓಣಿಗೆ ಇಳಿಯಿತು. ಸಾಲೆಗೆ ಹೋಗುವ ಅವನ ತಂಗಿಯನ್ನು ಹುಡುಗಿಯರು ‘ಬಾಟನ ತಂಗಿ’ ಎನ್ನತೊಡಗಿದರು. ಒಂದು ದಿನ ಅವನು ಕಟ್ಟೆಗೆ ಬರಲಿಲ್ಲ. ಮರುದಿನವೂ ಬರಲಿಲ್ಲ.

ಕೇಳಿದರೆ ನಮ್ಮ ತಮ್ಮನ ಮಗ, “ಸುಮ್ನ ಚ್ಯಾಷ್ಟಿ ದೊಡ್ಡಪ್ಪ, ಅಂವಗ ಯಾಕ ಹತ್ತಬೇಕು?” ಎಂದನು.

ವಾರ ಕಳೆದ ಮೇಲೆ ಅವನ ತಾಯಿ ನಮ್ಮ ಹೊಸ್ತಿಲ ಹೊರಗೆ ಬಂದು ನಿಂತಳು. “ಸರ್ರ, ಸೋಮವಾರ ಮಂಗಳೂರಿಗೆ ಗೌಂಡಿ ಕೆಲಸಕ್ಕ ಹೊಂಟಾನ್ರಿ. ಕಾಲೇಜ ಒಲ್ಲೆ ಅಂತಾನ. ಛಲೋ ಮೊಬೈಲ್ ತರೂತನಾ ಊರಾಗ ಮಾರಿ ತೋರಸಂಗಿಲ್ಲ ಅಂತಾನ. ನೀವರ ಹೇಳ್ರಿ.”

ನಮಗೆ ಆ ಕ್ಷಣದಲ್ಲಿ ಹುಡುಗರ ಮೇಲೆ ಸಿಟ್ಟು ಬಂದಿತು. ಮರುಕ್ಷಣದಲ್ಲಿ ಬೇರೊಂದು ನೆನಪು ಬಂದಿತು. ಮೂವತ್ತು ವರುಷಗಳ ಹಿಂದೆ, ನಾವು ಸಂಸ್ಕೃತ ಕಲಿಸುತ್ತಿದ್ದ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯಿದ್ದನು. ರಾಮ ಶಬ್ದದ ಯಾವ ವಿಭಕ್ತಿಯನ್ನು ಕೇಳಿದರೂ ‘ರಾಮಃ’ ಎಂದೇ ಹೇಳುವವನು. ಲಿಂಗ, ವಚನ, ವಿಭಕ್ತಿಗಳಿಂದ ವಿಕಾರ ಹೊಂದದ ಶಬ್ದಕ್ಕೆ ವ್ಯಾಕರಣದಲ್ಲಿ ಅವ್ಯಯವೆಂದು ಹೆಸರಷ್ಟೆ. ನಾವು ಒಂದು ದಿನ ಅವನನ್ನು ‘ಅವ್ಯಯ’ ಎಂದು ಕರೆದೆವು. ತರಗತಿಯೆಲ್ಲ ನಕ್ಕಿತು, ನಮಗೂ ನಮ್ಮ ಚಮತ್ಕಾರವೇ ಹಿತವೆನಿಸಿತು. ವರುಷವೆಲ್ಲ ಅವನು ಅವ್ಯಯನಾಗಿಯೇ ಉಳಿದನು. ಇಪ್ಪತ್ತು ವರುಷಗಳ ತರುವಾಯ ಒಂದು ಮದುವೆಯ ಪಂಕ್ತಿಯಲ್ಲಿ ಹಳೆಯ ಸಹಪಾಠಿಯೊಬ್ಬನು “ಏನ್ಪಾ ಅವ್ಯಯ!” ಎಂದು ಕೂಗಿದನು. ಅವನು ನಕ್ಕನು. ಪಕ್ಕದಲ್ಲಿ ಕುಳಿತ ಅವನ ಏಳೆಂಟು ವರುಷದ ಮಗನು, “ಅಪ್ಪಾ, ಅವ್ಯಯ ಅಂದ್ರ ಏನು?” ಎಂದು ಕೇಳಿದನು. ಎದುರು ಪಂಕ್ತಿಯಲ್ಲಿ ನಾವಿದ್ದೆವು. ಅವನು ನಮ್ಮ ಕಡೆಗೆ ನೋಡದೆ, “ಅನ್ನ ಆರತೈತಿ, ಉಣ್ಣು” ಎಂದನು.

ಆ ಸಂಜೆ ನಾವು ಕಟ್ಟೆಗೆ ಹೋಗಿ ಈ ಸಂಗತಿಯನ್ನು ಇದ್ದಂತೆ ಹೇಳಿದೆವು, ಮತ್ತೇನೂ ಹೇಳಲಿಲ್ಲ. ಮಾಸ್ತರರು ತಮ್ಮ ತಪ್ಪನ್ನು ಹೇಳಿಕೊಳ್ಳುವದು ಹುಡುಗರಿಗೆ ಹೊಸದು. ಕೆಲ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಚರ್ಚೆ ಎದ್ದಿತು. ಇದು ಮೇಲೆ ಹೇಳಿದ ಮೂರರಲ್ಲಿ ಮೊದಲಿನ ಜಾತಿಯದೆಂದು ನಮ್ಮ ಅಭಿಪ್ರಾಯ. ಟ್ರ್ಯಾಕ್ಟರಿನ ಹುಡುಗ ತನ್ನ ಮೊಬೈಲನ್ನೇ ದಿನಕ್ಕೊಂದು ಆಟದ ಮಟ್ಟಿಗೆ ಅವನಿಗೆ ಕೊಡುವೆನೆಂದನು. ಕಿರಾಣಿಯವರ ಮಗ ತಲೆಯಾಡಿಸಿ, “ಬ್ಯಾಡ. ಪಾಪ ಅಂತ ಕೊಟ್ರ ಅದೂ ಚ್ಯಾಷ್ಟಿನ ಆಗತೈತಿ,” ಎಂದನು. ವ್ಯಾಪಾರಿಯ ಮಗನಿಗೆ ದಾನದ ಮರ್ಮ ಇಷ್ಟು ಚೆನ್ನಾಗಿ ತಿಳಿದದ್ದು ನಮಗೆ ಆಶ್ಚರ್ಯ. ನಮ್ಮ ತಮ್ಮನ ಮಗ, ಆ ವಿತಂಡವಾದಿ, ಬಹಳ ಹೊತ್ತಿನ ಮೇಲೆ ತಲೆಯೆತ್ತಿ, “ಖರೇ ಹೇಳ್ರಿ, ಅಂವ ಹ್ವಾದ ಮ್ಯಾಲ ನಾವು ಒಂದರ ಗೆದ್ದೇವೇನು?” ಎಂದು ಕೇಳಿದನು.

ಗೆದ್ದಿರಲಿಲ್ಲ. ಹೊಡೆದಾಡಲು ಬಾರದವನು ನೋಡುವದನ್ನು ಕಲಿತಿದ್ದನು. ಎರಂಗೆಲ್ಲಿನ ಸಂದಿಗೊಂದಿಯೆಲ್ಲ ಅವನಿಗೆ ಬಾಯಿಪಾಠ. ಯಾವ ಗುಡ್ಡದ ಹಿಂದೆ ವಾಹನ ಸಿಕ್ಕೀತು, ವರ್ತುಲ ಎತ್ತ ಸರಿದರೆ ಯಾವ ದಾರಿ ಎಂಬದನ್ನೆಲ್ಲ ಅವನೇ ಹೇಳುತ್ತಿದ್ದನಂತೆ. ಅವನು ಹೇಳುವದು ನಿಂತ ಮೇಲೆಯೇ ಇವರಿಗೆ ಅದರ ಅರಿವಾದದ್ದು.

ರವಿವಾರ ನಾಲ್ವರೂ ಅವನ ಮನೆಗೆ ಹೋದರು. ಅಲ್ಲಿ ಏನು ಮಾತಾಯಿತೆಂದು ನಾವು ಕೇಳಲಿಲ್ಲ. ಸೋಮವಾರ ಅವನು ಮಂಗಳೂರಿಗೆ ಹೋಗಿಯೇ ಹೋದನು, ಮುಂಗಡ ತೆಗೆದುಕೊಂಡಾಗಿತ್ತು. ಎರಡು ತಿಂಗಳು ಕಲ್ಲು-ಸಿಮೆಂಟು ಹೊತ್ತು ಪರೀಕ್ಷೆಗೆ ವಾರವಿರುವಾಗ ಮರಳಿ ಬಂದನು. ಅಷ್ಟು ದಿನವೂ ಇವರಲ್ಲಿ ಯಾರಾದರೊಬ್ಬರು ಕಾಲೇಜಿನ ಟಿಪ್ಪಣಿಗಳನ್ನು ಅವನ ಅದೇ ಹಳೆಯ ಮೊಬೈಲಿಗೆ ಕಳಿಸುತ್ತಿದ್ದರು. ಒಂದು ವಿಷಯ ಉಳಿದಿದೆ, ಮಿಕ್ಕವು ಪಾರಾಗಿವೆ. ತಂದ ಹಣದಲ್ಲಿ ಮೊಬೈಲು ಬರಲಿಲ್ಲ. ತಾಯಿಯ ಸ್ತ್ರೀಶಕ್ತಿ ಸಂಘದ ಸಾಲಕ್ಕೆ ಹೋಯಿತು.

ಈಗ ಅವನು ಬರಿಗೈಯಲ್ಲಿ ಕಟ್ಟೆಗೆ ಬಂದು ನಾಲ್ವರ ಬೆನ್ನ ಹಿಂದೆ ಗುಡಿಯ ಗೋಡೆಗೆ ಒರಗಿ ಕೂಡುವನು. ಅಲ್ಲಿಂದ ನಾಲ್ಕು ತೆರೆಗಳೂ ಕಾಣುವವು. ಮೊನ್ನೆ ಅವರೆಲ್ಲ ದಕ್ಷಿಣದ ಸೈನ್ಯನೆಲೆಯಲ್ಲಿ ಸಿಕ್ಕಿಬಿದ್ದಿದ್ದರು. ಅಲ್ಲಿಂದ ಹೊರಬೀಳಲು ಎರಡೇ ಸೇತುವೆಗಳು, ಎರಡರ ಮೇಲೂ ಕಾದು ಕುಳಿತವರಿರುವದು ವಾಡಿಕೆ.

“ಸೇತುವಿ ಬ್ಯಾಡ. ಈಸ್ರಿ,” ಎಂದನು ಇವನು.

ಈಸಿದರು. ದಡ ಹತ್ತಿದರು. ಹತ್ತಿದ ಕೂಡಲೇ ನಾಲ್ವರೂ ಒಬ್ಬರ ಮೇಲೊಬ್ಬರು ಪೆಟ್ಟಿಗೆಯಾದರು.

“ಏನಲೇ ನಿನ್ನ ದಾರಿ!” ಎಂದು ಟ್ರ್ಯಾಕ್ಟರಿನ ಹುಡುಗ ಹಿಂದಿರುಗಿ ಗದರಿದನು.

“ದಡಾ ಮುಟ್ಟಸೂದು ನಂದು,” ಎಂದು ಗೋಡೆಗೆ ಒರಗಿದವನು ಕಾಲು ಚಾಚಿದನು. “ಗುಂಡು ಹಾರಸೂದು ನಿಮ್ದು. ನಾಕು ಮಂದಿ ಬಾಟ್‌ಗೋಳ್ನ ಕಟಿಗೊಂಡು ನಾ ಎಷ್ಟಂತ ಮಾಡ್ಲಿ?”