ಚೌತಿಯ ಸಂತೆಗೆ ಬಂದ ತುಂಬೆ

ಭಾದ್ರಪದದ ತದಿಗೆಯ ಬೆಳಿಗ್ಗೆ ಸಿಕಂದರಾಬಾದಿನ ಮೊಂಡಾ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ರಾತ್ರಿಯ ಮಳೆಗೆ ನೆಲವೆಲ್ಲ ಕೆಸರು. ಒಂದು ಕಡೆ ಮಣ್ಣಿನ ಗಣಪಗಳು, ಇನ್ನೊಂದು ಕಡೆ ಬೇಲದ ಕಾಯಿಯ ರಾಶಿ, ಎಳೆಯ ಮುಸುಕಿನ ಜೋಳದ ತೆನೆ, ಗಣಪನ ತಲೆಯ ಮೇಲೆ ತೂಗಹಾಕುವ 'ಪಾಲವೆಲ್ಲಿ' ಎಂಬ ಮರದ ಚೌಕಟ್ಟು. ಗೋಣಿತಾಟು ಹಾಸಿ ಸಾಲಾಗಿ ಕುಳಿತ ಹೆಂಗಸರ ಮುಂದೆ ಪತ್ರೆಯ ಗುಡ್ಡೆಗಳು: ಮಾಚಿಪತ್ರೆ, ಬಿಲ್ವ, ಗರಿಕೆ, ಉತ್ತರಾಣಿ, ಎಕ್ಕ, ಬನ್ನಿ, ಲಕ್ಕಿ. ಪೂಜೆಯ ಈ ಪತ್ರೆಗಳ ಜೊತೆ ಬೆರೆಯದಂತೆ ತುಸು ಪಕ್ಕಕ್ಕೆ, ಒದ್ದೆ ಬಟ್ಟೆಯ ಕೆಳಗೆ ಇನ್ನೊಂದು ಸೊಪ್ಪು ಇರುತ್ತದೆ. ಬಟ್ಟೆ ಸರಿಸಿದರೆ ಒರಟಾದ ಕಿರಿದಾದ ಎಲೆ, ಚೌಕನೆಯ ದಂಟು, ಗಂಟುಗಂಟಿಗೂ ಸುತ್ತಿಕೊಂಡ ಹಸಿರು ಮೊಗ್ಗಿನ ಗುಚ್ಛ, ಅದರ ನಡುವೆ ಅಲ್ಲೊಂದು ಇಲ್ಲೊಂದು ಹಾಲುಬಿಳುಪಿನ ಹೂವು.

ಕನ್ನಡ ಕಣ್ಣಿಗೆ ಅದು ತುಂಬೆ. ಶಿವನ ಮುಡಿಗೆ ಏರುವ ಹೂವು. ಇಲ್ಲಿ ಅದನ್ನು ಮಾರುವಾಕೆ ಕೂಗುವುದು ಬೇರೆಯದೇ ರಾಗದಲ್ಲಿ: "ತುಮ್ಮಿ ಕೂರಾ, ತುಮ್ಮಿ ಕೂರಾ! ರೇಪು ದೊರಕದಮ್ಮಾ." ನಾಳೆ ಸಿಗುವುದಿಲ್ಲ, ಈಗಲೇ ಕೊಂಡುಕೊಳ್ಳಿ ಎಂದು. ಚೌತಿಯ ದಿನ ತೆಲಂಗಾಣದ ಮನೆಗಳಲ್ಲಿ ಉಂಡ್ರಾಳ್ಳು, ಕುಡುಮು ಎಂಬ ಅಕ್ಕಿತರಿಯ ತಿನಿಸುಗಳ ಜೊತೆಗೆ ತುಂಬೆಯ ಪಲ್ಯವೋ ಬೇಳೆಯ ಪಪ್ಪೋ ಎಲೆಗೆ ಬೀಳಲೇಬೇಕು. ವರ್ಷದ ಉಳಿದ ದಿನಗಳಲ್ಲಿ ದಾರಿಯ ಪಕ್ಕದ ಕಳೆಯಾಗಿ ತುಳಿಸಿಕೊಳ್ಳುವ ಗಿಡಕ್ಕೆ ಆ ಒಂದು ದಿನ ಊರಿಗೆ ಊರೇ ಕಾದಿರುತ್ತದೆ.

ಮಾರುವವರು ಬಹುತೇಕ ಶಂಕರಪಲ್ಲಿ, ಚೇವೆಳ್ಳ, ವಿಕಾರಾಬಾದ್ ಕಡೆಯ ಹಳ್ಳಿಗಳವರು. ಹೈದರಾಬಾದಿನ ಸೊಪ್ಪು ತರಕಾರಿಯಲ್ಲಿ ದೊಡ್ಡ ಪಾಲು ಆ ದಿಕ್ಕಿನಿಂದಲೇ ಬರುತ್ತದೆ. ಪಾಲಕ್, ಮೆಂತ್ಯ, ಪುಂಡಿಯನ್ನು ಬೆಳೆದು ತರುತ್ತಾರೆ. ತುಂಬೆಯನ್ನು ಯಾರೂ ಬೆಳೆಯುವುದಿಲ್ಲ, ಹುಡುಕಿ ತರುತ್ತಾರೆ. ಬದುವಿನ ಮೇಲೆ, ಜೋಳ ತೊಗರಿಯ ಸಾಲಿನ ನಡುವೆ, ಬೀಳುಬಿಟ್ಟ ಕೆಮ್ಮಣ್ಣಿನ ಹೊಲದಲ್ಲಿ ಮುಂಗಾರು ಬಿದ್ದು ಎರಡು ತಿಂಗಳಾದ ಮೇಲೆ ಅದು ಗೇಣುದ್ದ, ಮೊಳದುದ್ದ ನಿಂತಿರುತ್ತದೆ. ಕುಡಿ ಮಾತ್ರ ಚಿವುಟಬೇಕು. ಹೂಗುಚ್ಛ ಬಲಿತರೆ ಅದರ ಬಟ್ಟಲಿನ ಅಂಚು ಮುಳ್ಳಿನಂತೆ ಗಂಟಲಿಗೆ ಚುಚ್ಚುತ್ತದೆ. ಅಷ್ಟು ಹೊತ್ತು ಬಗ್ಗಿ ಆರಿಸಿದ ಹೆಂಗಸಿನ ಸೊಂಟದ ನೋವು ಆ ಕಟ್ಟಿನ ಬೆಲೆಯಲ್ಲಿ ಎಂದೂ ಸೇರುವುದಿಲ್ಲ. ಚೌಕಾಶಿ ಮಾಡುವವರನ್ನು ಕಂಡಾಗ ನನಗೆ ಸಿಟ್ಟು ಬರುವುದು ಇದೇ ಕಾರಣಕ್ಕೆ.

ಹೈದರಾಬಾದಿನ ಕಾಚಿಗುಡದ ಸುತ್ತ ಕನ್ನಡ ಮನೆಗಳು ಬಹಳ ಹಿಂದಿನಿಂದಲೂ ಇವೆ. ಕನ್ನಡ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಇರುವುದೂ ಅಲ್ಲೇ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳಿಗೂ ಇದೇ ಊರು ರಾಜಧಾನಿಯಾಗಿತ್ತಲ್ಲ. ಆ ಕೇರಿಯ ಮನೆಯೊಂದಕ್ಕೆ ಧಾರವಾಡದಿಂದ ಬಂದ ಹೊಸ ಸೊಸೆ, ಪಕ್ಕದ ತೆಲುಗು ಮನೆಯಲ್ಲಿ ಮೊರದ ತುಂಬ ತುಂಬೆ ಸೋಸುವುದನ್ನು ಕಂಡು ಗಾಬರಿಯಾಗಿದ್ದಳು. "ಅಯ್ಯ ಶಿವನ! ಪೂಜಿ ಹೂವು ಪಲ್ಯ ಮಾಡ್ತೀರೇನ್ರಿ ಅತ್ತಿ?" ಆ ಹಿರಿಯಾಕೆ ಹೂವುಗಳನ್ನು ಒಂದೊಂದಾಗಿ ಬಿಡಿಸಿ ಹಿತ್ತಾಳೆ ಬಟ್ಟಲಿಗೆ ಹಾಕುತ್ತಲೇ ಹೇಳಿದರು: "ಪೂವು ಸ್ವಾಮಿಕಿ, ಆಕು ಮನಕಿ." ಹೂವು ದೇವರಿಗೆ, ಎಲೆ ನಮಗೆ.

ಸೋಸುವ ಕೆಲಸಕ್ಕೆ ತಾಳ್ಮೆ ಬೇಕು. ಎಲೆಯ ಮೇಲೆ ಸಣ್ಣ ರೋಮ. ಮಳೆಯಲ್ಲಿ ಸಿಡಿದ ಮಣ್ಣು ಅದರಲ್ಲಿ ಹಿಡಿದುಕೊಂಡಿರುತ್ತದೆ. ನೀರು ತಿಳಿಯಾಗುವವರೆಗೆ ತೊಳೆಯಬೇಕು. ಕಹಿ ಬೇಡವೆನ್ನುವವರು ಒಂದು ಕುದಿ ಬರಿಸಿ ಹಿಂಡುತ್ತಾರೆ. ಕಹಿಯೇ ಮದ್ದು ಎನ್ನುವವರು ಹಾಗೇ ಹೆಚ್ಚುತ್ತಾರೆ. ನಾನು ಎರಡನೆಯವರ ಪಕ್ಷ. ಹೆಸರುಬೇಳೆಯನ್ನು ಕಾಳು ಬಿಡಿಬಿಡಿಯಾಗಿರುವಂತೆ ಬೇಯಿಸಿಕೊಂಡು, ಎಣ್ಣೆಗೆ ಜೀರಿಗೆ, ಒಣಮೆಣಸಿನಕಾಯಿ, ಮಡಿಯಿಲ್ಲದ ಮನೆಯಾದರೆ ಜಜ್ಜಿದ ಬೆಳ್ಳುಳ್ಳಿ ಹಾಕಿ, ಸೊಪ್ಪು ಬಾಡಿಸಿ, ಹುಣಸೆರಸ ಬಿಟ್ಟು ಬೇಳೆ ಸೇರಿಸಿದರೆ ಮುಗಿಯಿತು. ಸೊಪ್ಪು ಬಾಡುವಾಗ ಏಳುವ ಘಾಟು ಬೇರೆ ಯಾವ ಸೊಪ್ಪಿಗೂ ಇಲ್ಲ. ತುಳಸಿ, ಪುದೀನ, ದೊಡ್ಡಪತ್ರೆಗಳ ಕುಟುಂಬದ ಗಿಡವಿದು; ಚೌಕನೆಯ ದಂಟೂ ಪರಿಮಳವೂ ಆ ವಂಶದ ಗುರುತು. ಬಾಯಲ್ಲಿ ಮೊದಲು ಹುಳಿ, ಆಮೇಲೆ ಸಣ್ಣ ಕಹಿ, ಕೊನೆಗೆ ಮೂಗಿನ ಹೊಳ್ಳೆ ಬಿಚ್ಚಿದಂತೆ ಒಂದು ಖಾರ. ಜೋಳದ ರೊಟ್ಟಿಗೆ ಇದರಷ್ಟು ಒಪ್ಪುವುದು ಕಡಿಮೆ.

ಚೌತಿಗೇ ಯಾಕೆ ತಿನ್ನಬೇಕು ಎಂದು ಹಿರಿಯರನ್ನು ಕೇಳಿದರೆ ಬರುವ ಉತ್ತರ ಮಳೆಗಾಲದ್ದು. ಶೀತ, ಕೆಮ್ಮು, ಅಜೀರ್ಣ ಕಾಡುವ ಹೊತ್ತು. ತುಂಬೆ ಕಫ ಕರಗಿಸುತ್ತದೆ ಎಂಬ ನಂಬಿಕೆ. ಗಿಡದ ಲೆಕ್ಕಕ್ಕೂ ಅದು ಸರಿಯಾದ ಕಾಲ: ಶ್ರಾವಣದ ಮಳೆ ಕುಡಿದು ಎಳಸಾಗಿರುತ್ತದೆ, ಇನ್ನೂ ಬಲಿತು ಒಣಗಿರುವುದಿಲ್ಲ. ನಮ್ಮ ಊರುಗಳಲ್ಲೂ ಮದ್ದಾಗಿ ತುಂಬೆಯನ್ನು ಬಲ್ಲೆವು. ತಲೆಭಾರಕ್ಕೆ ಅದರ ಸೊಪ್ಪು ಕುದಿಸಿ ಹಬೆ ಹಿಡಿಯುವುದು, ಹುಳ ಕಚ್ಚಿದಲ್ಲಿ ರಸ ಹಚ್ಚುವುದು, ತುರಿಗಜ್ಜಿಗೆ ಅರೆದು ಲೇಪಿಸುವುದು, ಒಣಗಿಡವನ್ನು ಕೆಂಡಕ್ಕೆ ಹಾಕಿ ಸೊಳ್ಳೆ ಓಡಿಸುವುದು ಅಜ್ಜಿಯರ ಕೈಮದ್ದು. ಹೂವಿನ ಬುಡ ಚೀಪಿ ಜೇನು ಸವಿಯುವುದು ಮಕ್ಕಳ ಪಾಲು. ಪ್ರಯೋಗಾಲಯಗಳಲ್ಲಿ ಇಲಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಇದರ ಸಾರ ಉರಿಯೂತ, ನೋವುಗಳನ್ನು ತಗ್ಗಿಸಿದ್ದುಂಟು. ಆದರೆ ಹಾವು ಕಚ್ಚಿದವರಿಗೆ ತುಂಬೆಯ ರಸ ಕುಡಿಸುವ ಹಳೆಯ ರೂಢಿಯನ್ನು ಕೈಬಿಡಲೇಬೇಕು. ಹಾವಿನ ವಿಷಕ್ಕೆ ಆಸ್ಪತ್ರೆಯ ಪ್ರತಿವಿಷವೊಂದೇ ಮದ್ದು. ರಸ ಹಿಂಡುತ್ತಾ ಕಳೆದ ಅರ್ಧ ಗಂಟೆ ಜೀವ ತೆಗೆಯುತ್ತದೆ.

ಗಿಡಮದ್ದು ಹೈದರಾಬಾದಿಗೆ ಹೊಸದಲ್ಲ. ಚಾರ್‌ಮಿನಾರಿನ ಪಕ್ಕದಲ್ಲೇ ನಿಜಾಮನ ಕಾಲದ ಯುನಾನಿ ಆಸ್ಪತ್ರೆ ಇಂದಿಗೂ ರೋಗಿಗಳಿಂದ ತುಂಬಿರುತ್ತದೆ. ಆಚೆ ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಇಲ್ಲಿಗೆ ಬಂದ ಸಂಸ್ಥೆ ಅದು. ಅಲ್ಲಿನ ವಿಜ್ಞಾನಿಗಳು 2017ರಲ್ಲಿ ಹೊರತಂದ ಪಟ್ಟಿಯಲ್ಲಿ ನಮ್ಮ ದೇಶದ 528 ಆಹಾರಗಳ ಪೌಷ್ಟಿಕಾಂಶದ ವಿವರವಿದೆ. ದಿನಕ್ಕೆ ಸುಮಾರು 100 ಗ್ರಾಂ ಸೊಪ್ಪು ತಿನ್ನಿ ಎಂಬ ಅವರ ಸಲಹೆಯನ್ನು ಮಳೆಗಾಲದ ಹೊಲದ ಬದು ಕಾಸಿಲ್ಲದೆ ಪೂರೈಸಬಲ್ಲದು.

ಹಾಗೆ ಪೂರೈಸುತ್ತದೆ ಎಂದು ಹಟ ಹಿಡಿದು ತೋರಿಸಿಕೊಟ್ಟವರು ಹೈದರಾಬಾದಿನಿಂದ ಪಶ್ಚಿಮಕ್ಕೆ, ಬೀದರ್ ಗಡಿಗೆ ಅಂಟಿದ ಜಹೀರಾಬಾದಿನ ಹೆಂಗಸರು. 1983ರಲ್ಲಿ ಅಲ್ಲಿನ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಗೆಳೆಯರೊಂದಿಗೆ ಕಟ್ಟಿದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ಹಳ್ಳಿಗಳ ಕಾರ್ಯಕ್ರಮ ಮಾಡುತ್ತಿದ್ದವರು. 2023ರ ಮಾರ್ಚಿನಲ್ಲಿ ತೀರಿಕೊಂಡರು. ಸಂಘದ ಹೆಣ್ಣುಮಕ್ಕಳು, ಬಹುಪಾಲು ದಲಿತರು, ಸಿರಿಧಾನ್ಯದ ಹೊಲದಲ್ಲಿ ತಾನಾಗಿ ಹುಟ್ಟುವ ಹತ್ತಾರು ಬಗೆಯ ಸೊಪ್ಪನ್ನು ಕಳೆ ಎನ್ನಲು ಒಪ್ಪಲಿಲ್ಲ. ಅವು ತಮ್ಮ ತಟ್ಟೆಯ ಊಟ ಎಂದು ಸಭೆಗಳಲ್ಲಿ ನಿಂತು ಹೇಳಿದರು, ಅಡುಗೆ ಮಾಡಿ ಬಡಿಸಿದರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಈ ಸಂಸ್ಥೆಗೆ ಬಂತು. ಮೈಸೂರು ಮಂಡ್ಯದ ಕಡೆ ಅಣ್ಣೆ, ಗೋಣಿ, ಹೊನಗೊನೆ, ಗಣಿಕೆಯನ್ನೆಲ್ಲ ಒಟ್ಟಿಗೆ ಹಾಕಿ ಬೆರಕೆ ಸೊಪ್ಪಿನ ಸಾರು ಮಾಡುವವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಅಚ್ಚರಿಯಾಗಬೇಕಾದ್ದು ಆ ಸಾರು ನಮ್ಮ ಮನೆಗಳಲ್ಲಿ ಎಷ್ಟು ಅಪರೂಪವಾಗಿದೆ ಎಂಬುದಕ್ಕೆ.

ಗಿಡ ಹೋಗುತ್ತಿರುವುದು ಎರಡು ದಾರಿಯಲ್ಲಿ. ಹತ್ತಿಯ ಹೊಲದಲ್ಲಿ ಕಳೆನಾಶಕ ಹೊಡೆದರೆ ತುಂಬೆ, ಅಣ್ಣೆ, ಹೊನಗೊನೆ ಒಟ್ಟಿಗೆ ಸುಡುತ್ತವೆ. ಕುಡಿ ಚಿವುಟಿ ತಂದು ಮಾರುತ್ತಿದ್ದವಳ ನಾಲ್ಕು ಕಾಸೂ ಅದರೊಂದಿಗೆ ಹೋಗುತ್ತದೆ. ನಗರದ ಅಂಚಿನಲ್ಲಂತೂ ನೆಲವೇ ಉಳಿದಿಲ್ಲ. 158 ಕಿಲೋಮೀಟರಿನ ಹೊರವರ್ತುಲ ರಸ್ತೆಯ ಒಳಗೆ ನಾರ್ಸಿಂಗಿ, ಕೋಕಾಪೇಟೆಯ ಹೊಲಗಳ ಮೇಲೆ ಗೋಪುರಗಳು ಎದ್ದಿವೆ. 2025ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಅಂಟಿದ ಕಂಚ ಗಚ್ಚಿಬೌಲಿಯ 400 ಎಕರೆ ನೆಲವನ್ನು ಉಳಿಸಲು ವಿದ್ಯಾರ್ಥಿಗಳು ಬೀದಿಗಿಳಿದಾಗ ಪತ್ರಿಕೆಗಳಲ್ಲಿ ಜಿಂಕೆ, ನವಿಲುಗಳ ಚಿತ್ರ ಬಂತು. ಕುರುಚಲು ನೆಲದ ಸಣ್ಣ ಗಿಡಗಳಿಗಾಗಿ ಮಾತನಾಡಿದವರು ಕಡಿಮೆ.

ಇಷ್ಟರ ನಡುವೆಯೂ ತುಂಬೆಯನ್ನು ಗುರುತಿಸಬಲ್ಲ ಕಣ್ಣು ಈ ಊರಿನಲ್ಲಿ ಉಳಿದಿದ್ದರೆ ಅದಕ್ಕೆ ಚೌತಿಯೇ ಕಾರಣ ಎಂಬುದು ನನ್ನ ಗಟ್ಟಿ ನಂಬಿಕೆ. ಬರೇ ಪೂಜೆಯ ಗಿಡವಾದರೆ ಅಂಗಡಿಯವ ಕೊಟ್ಟ ಪೊಟ್ಟಣ ಬಿಚ್ಚದೆ ದೇವರ ಮುಂದಿಟ್ಟರೂ ನಡೆಯುತ್ತದೆ. ಅಡುಗೆಗಾದರೆ ಕೈಯಿಂದ ಮುಟ್ಟಿ, ಮೂಸಿ, ಬಲಿತದ್ದು ಎಳತು ಬೇರೆ ಮಾಡಲೇಬೇಕು. ವರ್ಷಕ್ಕೊಮ್ಮೆಯಾದರೂ ಅಜ್ಜಿ, ಸೊಸೆ, ಮೊಮ್ಮಗಳು ಒಂದೇ ಮೊರದ ಸುತ್ತ ಕುಳಿತು ಆ ಪಾಠ ಒಪ್ಪಿಸುತ್ತಾರೆ.

ಮುಂದಿನ ಚೌತಿಗೆ ನೀವು ಹೈದರಾಬಾದಿನಲ್ಲಿದ್ದರೆ ಮೊಂಡಾ ಮಾರ್ಕೆಟ್ಟಿಗೋ ಮೆಹದಿಪಟ್ಟಣದ ರೈತುಬಜಾರಿಗೋ ತದಿಗೆಯ ಬೆಳಿಗ್ಗೆಯೇ ಹೋಗಿ. ಮೂಸಿ ನದಿಯ ದಂಡೆಯ, ಚರಂಡಿ ಬದಿಯ, ಔಷಧಿ ಹೊಡೆದ ಹೊಲದ ಸೊಪ್ಪಲ್ಲವೆಂದು ಕೇಳಿ ತಿಳಿದುಕೊಳ್ಳಿ. ಗರ್ಭಿಣಿಯರು, ದಿನವೂ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿ ತಿನ್ನಲಿ. ಮಾರುವಾಕೆ ಹೇಳಿದ ಬೆಲೆ ಕೊಡಿ. ಊರಲ್ಲಿ ಹೊಲವಿದ್ದವರು ಬದುವಿನ ತುಂಬೆಯನ್ನು ಬೇರುಸಹಿತ ಕೀಳಬೇಡಿ. ವರ್ಷದೊಳಗೆ ಮುಗಿಯುವ ಗಿಡ ಅದು, ಬೀಜ ಉದುರಿದರೆ ಮಾತ್ರ ಮರುಮಳೆಗೆ ಮತ್ತೆ ಹುಟ್ಟುತ್ತದೆ.